ಭಟ್ಟಿ ಇಳಿಸುವ ಮಾತು

ಕಳೆದ ಶುಕ್ರವಾರ ಹೊಸನಗರದ ಹೈಸ್ಕೂಲೊಂದರಲ್ಲಿ ನನಗೆ ಜೋರು ಚಪ್ಪಾಳೆ ಬಿತ್ತು. ಅದನ್ನು ನೆನೆದರೆ ಈಗಲೂ ತಲೆ ತಗ್ಗುತ್ತದೆ.

ವಿಜ್ಞಾನ ಸಂಘದ ಸಮಾರಂಭ. ನಾನು ಅತಿಥಿ. (ಸಂಸ್ಕೃತ ಕಲಿಸಿ ನಿವೃತ್ತನಾದವನಿಗೆ ಅಲ್ಲೇನು ಕೆಲಸವೆಂದು ನೀವು ಕೇಳಬಹುದು. ನಾನೂ ಕೇಳಿಕೊಳ್ಳಬೇಕಿತ್ತು.) ವಿಜ್ಞಾನದ ಶಿಕ್ಷಕಿ ಸುಜಾತಾ, ನಿಂಬೆಯಂತೆ ಘಮಿಸುವ ಮಜ್ಜಿಗೆ ಹುಲ್ಲನ್ನು ನೀರಿನಲ್ಲಿ ಕುದಿಸಿ, ಹಬೆಯನ್ನು ತಣ್ಣನೆಯ ಕೊಳವೆಯಲ್ಲಿ ಹಾಯಿಸಿ, ಪರಿಮಳದ ಎಣ್ಣೆ ತೆಗೆಯುತ್ತಿದ್ದರು.

“ಇದೇ ಡಿಸ್ಟಿಲ್ ಮಾಡೋದು. ನಮ್ಮ ಮಾತಲ್ಲಿ ಭಟ್ಟಿ ಇಳಿಸೋದು” ಎನ್ನುತ್ತ ಬೋರ್ಡಿನ ಮೇಲೆ ಬರೆದರು.

ನನಗೆ ತಡೆಯಲಾಗಲಿಲ್ಲ. “ಅದು ಸಾರಾಯಿ ಅಂಗಡಿಯ ಮಾತಮ್ಮ, ಶಾಲೆಗೆ ಸಲ್ಲದು. ನಮ್ಮ ತೈಲವೇ ಇಂಗ್ಲಿಷರ ಬಾಯಲ್ಲಿ ಡಿಸ್ಟಿಲ್ ಆಗಿದೆ” ಎಂದೆ.

“ಟೀಚರೇ, ಕ್ವಾರ್ಟರ್ ಇಳೀತಾ?” ಹಿಂದಿನ ಬೆಂಚಿನಿಂದ ಹುಡುಗಿಯೊಬ್ಬಳ ದನಿ. ಕೊಠಡಿಯೇ ನಕ್ಕಿತು. (ನಾನೂ ನಕ್ಕೆ. ಬಚ್ಚಿಡಲಾರೆ.)

ಸುಜಾತಾ ‘ಭಟ್ಟಿ’ಯನ್ನು ಒರೆಸಿ ‘ತೈಲ’ ಎಂದು ಬರೆದರು. ಆ ಚಪ್ಪಾಳೆ ಬಿದ್ದದ್ದು ಆಗ.

ಬೀಳ್ಕೊಡಲು ಗೇಟಿನವರೆಗೆ ಬಂದ ಸುಜಾತಾ ಮೆಲ್ಲನೆ ಹೇಳಿದರು: “ನಮ್ಮಜ್ಜ ತಾಳಗುಪ್ಪದ ಹತ್ರ ಭಟ್ಟಿ ಇಳಿಸ್ತಿದ್ರು ಸಾರ್. ಮರ್ಯಾದೆಗೆ ಅಂಜಿ ಮನೇಲಿ ಯಾರೂ ಆ ಮಾತೇ ಎತ್ತಲ್ಲ. ಇವತ್ತು ಧೈರ್ಯ ಮಾಡಿ ಮಕ್ಕಳೆದುರು ಹೇಳಿದ್ದೆ.”

ತೀರ್ಥಹಳ್ಳಿಗೆ ಮರಳಿ ನಿಘಂಟು ತೆರೆದೆ. ಡಿಸ್ಟಿಲ್‌ಗೂ ತೈಲಕ್ಕೂ ನಂಟೇ ಇಲ್ಲ! ಲ್ಯಾಟಿನ್ನಿನಲ್ಲಿ ‘ಸ್ಟಿಲ್ಲಾ’ ಎಂದರೆ ತೊಟ್ಟು. ‘ಡೆ’ ಎಂದರೆ ಕೆಳಕ್ಕೆ. ತೊಟ್ಟು ತೊಟ್ಟಾಗಿ ಕೆಳಗಿಳಿಸುವುದೇ ಡಿಸ್ಟಿಲ್. ಆಕೆಯ ಅಜ್ಜನ ‘ಇಳಿಸು’ ನನ್ನ ಪಾಂಡಿತ್ಯಕ್ಕಿಂತ ಮೂಲಕ್ಕೆ ಹತ್ತಿರವಿತ್ತು. ನಿತ್ಯವೂ ಧಾರಾಪಾತ್ರೆಯಿಂದ ಶಿವನ ನೆತ್ತಿಗೆ ತೊಟ್ಟಿಕ್ಕುವ ನೀರನ್ನು ನೋಡುತ್ತಲೇ ಮುಪ್ಪಾದ ನನಗೆ ಅದು ಹೊಳೆಯಲಿಲ್ಲ.

ಇನ್ನು ಭಟ್ಟಿ? ಅದರ ಮೂಲ ಸಂಸ್ಕೃತದ ‘ಭ್ರಾಷ್ಟ್ರ’, ಹುರಿಯುವ ಪಾತ್ರೆ. ಎಳವೆಯಲ್ಲಿ ನಾನೇ ಬಾಯಿಪಾಠ ಮಾಡಿದ್ದ ಪದ. ಮೈಲಿಗೆಯೆಂದು ನಾನು ಹೊರಗೆ ದೂಡಿದ್ದು ನನ್ನ ಮನೆಯ ಮಾತನ್ನೇ.

ಫೋನ್ ಮಾಡಿ ಕ್ಷಮೆ ಕೇಳಿದೆ. ಸುಜಾತಾ ನಕ್ಕರು. “ಇರ್ಲಿ ಬಿಡಿ ಸಾರ್. ಮಕ್ಕಳು ನೋಟ್ಸ್ ಬರ್ಕೊಂಡಾಯ್ತಲ್ಲ.”

ಬರುವ ಸೋಮವಾರ ಅದೇ ತರಗತಿಗೆ ಹೋಗಿ, ಅದೇ ಬೋರ್ಡಿನ ಮೇಲೆ ‘ಭಟ್ಟಿ’ ಎಂದು ನನ್ನ ಕೈಯಾರೆ ಬರೆಯಲಿದ್ದೇನೆ. ಮಕ್ಕಳು ನೋಟ್ಸ್ ತಿದ್ದಿಕೊಂಡಾರು. ಆದರೆ ಆಕೆ ಆ ಮಾತನ್ನು ಮತ್ತೆ ಬಾಯಿಗೆ ತಂದಾರೇ?