ಮೆಲುಕು ಹಾಕುವವರೆಗೆ

ಜನವರಿಯ ಎರಡನೇ ಸೋಮವಾರ, ಹುಲಿಕುಂಟೆ ಕಡೆಯ ಹೊಲಗಳಲ್ಲಿ ಸೋದರಮಾವನ ಜೊತೆ ಕುರಿ ಕಾಯುತ್ತಿದ್ದೆ. ಕುರಿ ಮೂವತ್ತೆರಡು, ಅದರಲ್ಲಿ ಗಬ್ಬವಾದವು ನಾಲ್ಕು. ಎಲ್ಲಿ ಮೇಯಿಸಿದೆವು, ಯಾರ ಹೊಲಕ್ಕೆ ಯಾವತ್ತು ಔಷಧಿ ಹೊಡೆದರು ಎಂದು ದಿನವೂ ಬರೆದಿಡುವುದು ನನ್ನ ಅಭ್ಯಾಸ. ಮಂದೆಯ ಹಿಂದೆ ಎದ್ದ ಧೂಳು ನೆಲಕ್ಕಿಳಿಯುವುದನ್ನೇ ಮರೆತು ಇಳಿಬಿಸಿಲಲ್ಲಿ ನಿಂತಿತ್ತು.

ಹತ್ತಿ ಬಿಡಿಸಿ ಮುಗಿಸಿದ್ದ ಹೊಲದವರು ಎಲೆ ಮೇಯಿಸಲು ಕರೆದರು. ಅದು ಕುಲಾಂತರಿ ಹತ್ತಿ. ಮಾವ ಕುರಿಗಳನ್ನು ಬದುವಿನಾಚೆಗೆ ತಿರುಗಿಸಿದ.

“ಹುಳ ತಿಂದ್ರೆ ಹುಳಾನೇ ಸಾಯೋ ಗಿಡ. ಕುರಿ ತಿಂದ್ರೆ ಸುಮ್ಕೆ ಬುಡ್ತದಾ?”

ಪಕ್ಕದಲ್ಲಿ ನಾಟಿ ಅವರೆ. ಅದರ ಸೊಗಡು ಅರೆನಿದ್ದೆಯಲ್ಲಿ ಕೇಳುವ ದನಿಯಂತೆ ದೂರದಿಂದಲೇ ಕರೆಯುತ್ತಿತ್ತು. ಕಾಯಿ ಬಿಡಿಸುತ್ತಿದ್ದ ಹೊಲದೊಡತಿ, “ಈ ಸಾಲು ಮುಗೀತು, ಬುಡಪ್ಪ ಒಳಕ್ಕೆ” ಅಂದಳು. ನನಗೆ ಶನಿವಾರದ ಪುಟ ನೆನಪಾಯಿತು: ಕಾಯಿ ಕೊರೆಯುವ ಹುಳಕ್ಕೆಂದು ಇದೇ ಹೊಲಕ್ಕೆ ಆರು ಟ್ಯಾಂಕು ಔಷಧಿ. ಕೈ ಅಗಲಿಸಿ ಅಡ್ಡ ನಿಂತೆ.

“ಲೇ, ಡೈರೀನ ಕುರಿಗೆ ಓದಿ ಹೇಳ್ತೀಯಾ? ನಾಟಿ ಬೀಜ ಕಣಮ್ಮ ಇದು,” ಮಾವ ನಕ್ಕ.

“ಬೀಜ ನಾಟಿ. ಮೊನ್ನೆ ಹೊಡೆದ ಔಷಧಿ?”

“ನಾಳೆ ಸಿರಾ ಮಾರ್ಕೆಟ್‌ಗೆ ಹೋಗೋ ಕಾಯಿ ಕಣಮ್ಮ,” ಒಡತಿ ಅಂದಳು. “ಜನ ತಿನ್ನಲ್ವಾ?”

ಮಾವನ ನಗು ನಿಂತಿತು. ಅಷ್ಟರಲ್ಲಿ ಗಬ್ಬದ ಕುರಿಯೊಂದು ನನ್ನ ಪಕ್ಕದಿಂದಲೇ ನುಸುಳಿ ನಾಲ್ಕು ಬಾಯಿ ಎಲೆ ಕಿತ್ತಿತ್ತು. ಮಾವ ಓಡಿ ಅದನ್ನು ಎತ್ತಿಕೊಂಡು ಬಂದ.

ಮಂದೆಯನ್ನು ಜಾಲಿಮರದ ಕೆಳಗೆ ನಿಲ್ಲಿಸಿದೆವು. ಮೆಲುಕು ಹಾಕಿದರೆ ಕುರಿ ನೆಟ್ಟಗಿದೆ ಎಂದೇ ನಮ್ಮವರ ಲೆಕ್ಕ. ಮೂವತ್ತೊಂದು ಒಂದೊಂದಾಗಿ ಮಲಗಿ ಮೆಲುಕಿಗೆ ಬಿದ್ದವು. ಅದೊಂದೇ ತಲೆ ತಗ್ಗಿಸಿ ನಿಂತಿತ್ತು. ಹತ್ತು ನಿಮಿಷ. ಇಪ್ಪತ್ತು. ಸುತ್ತಲಿನ ದವಡೆಗಳ ಸದ್ದು ದೂರದ ಮಳೆಯಂತೆ ಕೇಳುತ್ತಿತ್ತು.

“ಹತ್ತಿಗೆ ಹೆದರ್ಕೊಂಡೆ, ಇದಕ್ಕೆ ಹೆದರ್ಕೊಳ್ಳಿಲ್ಲ ನೋಡು,” ಅದರ ಹೊಟ್ಟೆ ಸವರುತ್ತ ಮಾವ ಅಂದ. “ಹತ್ತಿಗೆಷ್ಟು ಸಲ ಹೊಡುದ್ರು?”

“ಎರಡು. ಅವರೆಗೆ ಐದು.”

“ಹತ್ತಿ ಎಲೆ ಒಳಗೆ ಇರೋದನ್ನ ಬರ್ದಿಲ್ವಾ?”

“ಅದು ನಂಗೆ ಕಾಣಲ್ಲ ಮಾವ.”

ಬಿಸಿಲು ಕುರಿಯ ಬೆನ್ನಿನಿಂದ ಕೊರಳಿಗೆ ಸರಿಯಿತು. ಆ ಕೊರಳಲ್ಲೇ ಸಣ್ಣ ಉಂಡೆಯೊಂದು ಮೇಲಕ್ಕೆ ಜಾರಿತು. ದವಡೆ ಅಡ್ಡಡ್ಡ ಆಡಿತು. ಮಾವ ಟವೆಲಿನಿಂದ ಮುಖ ಒರೆಸಿಕೊಂಡ. ನಾನು ದವಡೆ ಆಡುವುದನ್ನು ಎಣಿಸತೊಡಗಿದೆ. ನಲವತ್ತರ ಆಚೆ ಎಲ್ಲೋ ಲೆಕ್ಕ ತಪ್ಪಿತು.