ಸೆರಗು ಆಮೇಲೆ ಎಂದು ಬರೆದಿಟ್ಟ ಸೀರೆ

ಬನಹಟ್ಟಿಯಲ್ಲಿ ಸೀರೆಗೆ ಡಿಸೈನ್ ಮಾಡುವುದು ನನ್ನ ಕೆಲಸ. ನಾನು ನೇಯುವವಳಲ್ಲ. ಕಂಪ್ಯೂಟರಿನ ಮುಂದೆ ಕೂತು ಅಂಚನ್ನೂ ಸೆರಗನ್ನೂ ಸಣ್ಣ ಸಣ್ಣ ಚೌಕಗಳಾಗಿ ಬಿಡಿಸಿ ಮಗ್ಗದವರಿಗೆ ಕೊಡುವವಳು. ಇಪ್ಪತ್ತು ವರ್ಷವಾಯಿತು. ಕಣ್ಣಿಗೆ ಕನ್ನಡಕ ಬಂತು, ಸೊಂಟ ಹೋಯಿತು, ಫೈಲುಗಳು ಮಾತ್ರ ಬೆಳೆಯುತ್ತಲೇ ಇವೆ.

ಆ ಫೈಲುಗಳನ್ನು ಹುಡುಕುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಇದೇ ಪೇಜಿನಲ್ಲಿ ಒಮ್ಮೆ ಕೊಚ್ಚಿಕೊಂಡಿದ್ದೆ. ನೀವೆಲ್ಲ ಲೈಕ್ ಒತ್ತಿದ್ದಿರಿ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ನಮ್ಮ ಕಡೆ ಗಿರಾಕಿಗಳು ಡಿಸೈನಿನ ನಂಬರು ಹೇಳುವುದಿಲ್ಲ. ಮುಧೋಳದ ವ್ಯಾಪಾರಿ ಫೋನ್ ಮಾಡಿದರೆ, "ಅಕ್ಕಾರ, ಹೋದ ಪಂಚಮಿಗಿ ಲೋಕಾಪುರದವರು ಒಯ್ದಿದ್ರಲ್ರಿ, ಅವರ ಅತ್ತಿ ಜಗಳಾ ತಗದಿದ್ಲಲ್ಲ, ಆ ಸೀರಿ" ಅನ್ನುತ್ತಾನೆ. ಇಂಥವರ ಮುಂದೆ ನಂಬರು ಕಟ್ಟಿಕೊಂಡು ಏನು ಮಾಡುವುದು? ಹಾಗಾಗಿ ಒಂದೊಂದು ಫೈಲಿಗೂ ನಾಲ್ಕೈದು ಗುರುತಿನ ಪದ ಅಂಟಿಸಿಡುತ್ತೇನೆ. ಊರು, ಬಣ್ಣ, ಬಂದವರು ಏನಂದರು, ಹೇಗೆ ಗೊಣಗಿದರು. 'ಲೋಕಾಪುರ' ಎಂದೋ 'ಜಗಳದ ಅತ್ತೆ' ಎಂದೋ ಹೊಡೆದರೆ ಸಾಕು, ಸೀರೆ ಎದುರಿಗೆ ಬಂದು ನಿಲ್ಲುತ್ತದೆ.

ಕಳೆದ ಚಳಿಗಾಲದ ಒಂದು ಮಧ್ಯಾಹ್ನ ರಬಕವಿಯ ನೇಕಾರ ಕಾಕಾ ಅಂಗಡಿಗೆ ಬಂದರು. ಎಪ್ಪತ್ತರ ಹತ್ತಿರದ ಜೀವ. ಒಂದು ಕಾಲಕ್ಕೆ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೈಮಗ್ಗದಲ್ಲಿ ನೇಯ್ದವರು. ಎರಡು ಮಳೆಗಾಲದ ಹಿಂದೆ ಹೆಂಡತಿಯನ್ನು ಬೈಕಿನ ಮೇಲೆ ಕೂರಿಸಿಕೊಂಡು ಬಂದು, ಆಕೆಯ ಮದುವೆ ಸೀರೆಯ ಡಿಸೈನನ್ನು ಕಂಪ್ಯೂಟರಿಗೆ ಹಾಕಿಸಿದ್ದರು. ಮದುವೆಗೆ ಮುಂಚೆ ಅವರೇ ಕೂತು ನೇಯ್ದ ಸೀರೆ ಅದು. ಈ ಸಲ ಒಬ್ಬರೇ ಬಂದಿದ್ದರು.

"ನಮ್ಮಾಕಿ ಹೋಗಿ ಮೂರ ತಿಂಗಳಾತವ್ವಾ," ಅಂದರು.

ನನಗೆ ಗೊತ್ತೇ ಇರಲಿಲ್ಲ. ಒಂದಕ್ಕೊಂದು ಅಂಟಿಕೊಂಡ ಬನಹಟ್ಟಿಗೂ ರಬಕವಿಗೂ ನಡುವೆ ಎಷ್ಟು ಮಹಾ ದೂರ ಇದೆ ಎಂದು ನಾಚಿಕೆಯಾಯಿತು. ನೀರು ಕೊಟ್ಟೆ. ಕುಡಿದು, ಮೀಸೆ ಒರೆಸಿಕೊಂಡು, ಬಂದ ಕೆಲಸ ಹೇಳಿದರು.

"ಆ ಸೀರಿ ಆಕಿ ಮೈಮ್ಯಾಲೆ ಹೋತು. ಮುತ್ತೈದಿ ಸತ್ರ ಧಾರಿ ಸೀರಿ ಉಡಿಸೇ ಮಣ್ಣ ಕೊಡೂದು ನಮ್ಮ ಮನಿತನದಾಗ ನಡಕೊಂಡ ಬಂದದ್ದು. ಬಾಡಗಂಡಿಗಿ ಕೊಟ್ಟ ಮಗಳು ಬ್ಯಾಡ ಅಂದ್ಲು. 'ಅಪ್ಪಾ, ಬ್ಯಾರೇದು ಉಡಸೂಣು, ಇದ ನನಗ ಇರ್ಲಿ' ಅಂತ ಸೆರಗ ಹಿಡಕೊಂಡ ಕುಂತ್ಲು. ಬಿಡವಲ್ಲಳು. ಮಂದಿ ಎಲ್ಲಾ ನಿಂತಾರ. ನಾನೇ ಮಗಳ ಕೈಬೆರಳ ಒಂದೊಂದ ಬಿಡಿಸಿದೆ. 'ಅಳಬ್ಯಾಡ, ಎಲ್ಲಾ ಕಂಪ್ಯೂಟರನ್ಯಾಗ ಐತಿ, ಇಂಥಾದ್ದೇ ನೇಯಿಸಿ ಕೊಡ್ತೇನಿ' ಅಂದೆ. ಮಾತ ಕೊಟ್ಟೇನಿ. ತಗೀ ಅದನ್ನ."

ತೆಗೆಯಲು ಕೂತೆ. 'ಮದುವೆ ಸೀರೆ' ಎಂದು ಹೊಡೆದೆ. ಪರದೆ ತುಂಬಿಹೋಯಿತು. 'ರಬಕವಿ' ಎಂದೆ, ಇನ್ನೂ ಹೆಚ್ಚಾಯಿತು.

"ಯಾವ ಬಣ್ಣ ಇತ್ತ ಕಾಕಾ?"

"ನಾ ನೇಯ್ದಾಗ ಕೆಂಪ. ಆಕಿ ಒಗದ ಒಗದ ಯಾವ ಬಣ್ಣಕ್ಕ ತಂದಿದ್ಲೋ ಯಾರಿಗ್ಗೊತ್ತ. ಗುಬ್ಬಿ ಅಂತ ನೋಡ. ಸೆರಗಿನ್ಯಾಗ ಗುಬ್ಬಿ ಅದಾವು."

ಆ ಗುಬ್ಬಿಗಳು ನನಗೂ ನೆನಪಿದ್ದವು. ಸೆರಗಿನ ಉದ್ದಕ್ಕೂ ಒಂದು ಸಾಲು. ಎಲ್ಲ ಒಂದೇ ದಿಕ್ಕಿಗೆ ನೋಡುತ್ತಿದ್ದರೆ ಒಂದು ಮಾತ್ರ ಹಿಂದಕ್ಕೆ ತಿರುಗಿತ್ತು. ಕಾಕಾ ನೇಯುವಾಗ ತಪ್ಪಿದ್ದು. ಅವತ್ತು ಅವರ ಹೆಂಡತಿ, ನಮ್ಮ ಕಾಕು, ಅದನ್ನು ನನಗೆ ತೋರಿಸಿ, "ನೋಡ, ಹೇಂತಿ ಸೀರಿನೂ ನೆಟ್ಟಗ ನೇಯಾಕ ಬರಲಿಲ್ಲ ಈ ಮನಷ್ಯಾಗ" ಅಂದಿದ್ದರು. ಕಾಕಾ, "ಅದು ನಿನ್ನ ನೋಡಾಕ ತಿರಗೇತಿ ಬೇ" ಅಂದಿದ್ದರು.

'ಗುಬ್ಬಿ' ಎಂದು ಹೊಡೆದೆ. ಒಂದೂ ಬರಲಿಲ್ಲ.

"ಇಲ್ಲೇನ?"

"ಬ್ಯಾರೆ ಏನರ ಬರದಿರತೇನಿ, ತಡೀರಿ. ಅವತ್ತ ನಾವು ಏನೇನ ಮಾತಾಡಿದ್ವಿ, ನೆನಪ ಮಾಡ್ರಿ."

"ನಮ್ಮಾಕಿ ನಿನಗ ಬೈದಿದ್ಲು."

"ನನಗ? ಯಾಕ?"

"ಚಾದ ಕಪ್ಪ ಸೀರಿ ಬಾಜೂಕ ಇಟ್ಟಿದ್ದಿ. 'ಸಾಲಿ ಕಲತಾಕಿ ಅದಿಯೋ ಇಲ್ಲೋ, ಅದನ್ನ ಅತ್ತಾಗ ಇಡು' ಅಂತ ಒದರಿದ್ಲು."

ಇಬ್ಬರೂ ನಕ್ಕೆವು. 'ಚಾ ಬೈಗುಳ' ಎಂದು ಹೊಡೆದೆ. ಒಂದೇ ಒಂದು ಫೈಲು ಬಂತು.

ತೆರೆದೆ. ಅಂಚು ಬಂತು. ಕಾಕಾ ಕುರ್ಚಿಯಿಂದ ಎದ್ದು, ಪರದೆಗೆ ಬೆರಳು ತಾಗಿಸಿ ಒಂದು ಎಳೆಯ ಜಾಡು ಹಿಡಿದು ಮೇಲಿನಿಂದ ಕೆಳಗೆ ಬಂದರು. "ಇದೇ. ಇದೇ ನೋಡ. ಈಗ ಸೆರಗ ತೋರಸು."

ಕೆಳಗೆ ಸರಿಸಿದೆ. ಖಾಲಿ. ಪಕ್ಕಕ್ಕೆ ಸರಿಸಿದೆ. ಖಾಲಿ. ಆಗ ಆ ಫೈಲಿಗೆ ನಾನೇ ಅಂಟಿಸಿದ್ದ ಪದಗಳನ್ನು ಓದಿದೆ. ರಬಕವಿ. ಕೈಮಗ್ಗ. ತಾನೇ ನೇಯ್ದದ್ದು. ಚಾ ಬೈಗುಳ. ಅವಸರವಿಲ್ಲ. ಸೆರಗು ಆಮೇಲೆ.

ಎಲ್ಲ ನೆನಪಾಯಿತು. ನನ್ನ ಸ್ಕ್ಯಾನರ್ ಒಂದು ನೋಟ್‌ಬುಕ್ಕಿನಷ್ಟು ದೊಡ್ಡದು. ಅಂಚಿಗೆ ಸಾಕು, ಸೆರಗಿಗೆ ಸಾಲದು. ಸೆರಗನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹಾಸಿ ಫೋಟೋ ತೆಗೆಯಬೇಕು. ಅವತ್ತು ಮೋಡ ಕವಿದು ಸಂಜೆಯಾಗಿತ್ತು. ಸೀರೆ ಬಿಟ್ಟುಹೋಗಿ ಎಂದೆ. "ನನ್ನ ಧಾರಿ ಸೀರಿ ಒಂದ ದಿನಾನೂ ಮಂದಿ ಮನ್ಯಾಗ ಇರೂದಿಲ್ಲ. ಮತ್ತ ತರ್ತೇನಿ ತಗೋ, ಅವಸರಿಲ್ಲ," ಅಂದರು ಕಾಕು. ಆ ಹೊತ್ತಿಗೆ ಕಾಕಾ ಹೊರಗೆ ಬೈಕಿನ ಕಿಕ್ ಹೊಡೆಯುತ್ತಿದ್ದರು. ಕೆಲಸ ಮುಗಿಯಿತು ಎಂದೇ ತಿಳಿದು ಮನೆಗೆ ಹೋಗಿದ್ದರು.

ಇದನ್ನು ಅವರಿಗೆ ಹೇಳಿದೆ. ಆ ಪದಗಳನ್ನೂ ಓದಿ ಹೇಳಿದೆ.

"ಆಮ್ಯಾಲೆ ಅಂದ್ರ ಯಾವಾಗ?" ಅಂದರು. ಸಿಟ್ಟಿನಿಂದಲ್ಲ, ತಿಳಿಯದೆ ಕೇಳಿದ ಹಾಗೆ.

ಮದುವೆಯ ಫೋಟೋ ಇದೆಯಾ ಎಂದು ಕೇಳಿದೆ. ಇತ್ತು. ಆದರೆ ಸೆರಗು ತಲೆಯ ಮೇಲೆ ಹೊದ್ದು, ಹೂವಿನ ಹಾರದ ಕೆಳಗೆ ಸೇರಿಕೊಂಡಿತ್ತು. ಗ್ರಾಫ್ ಹಾಳೆ ಕೊಟ್ಟು, "ನೀವು ಬಿಡಿಸ್ರಿ, ನಾ ಅದರಂಗ ಮಾಡ್ತೇನಿ," ಎಂದೆ. ಪೆನ್ಸಿಲ್ ಹಿಡಿದರು. ಬರೆದರು, ಅಳಿಸಿದರು, ಮತ್ತೆ ಬರೆದರು. ಮೇಜಿನ ಕೆಳಗೆ ಅವರ ಕಾಲುಗಳು ಮಗ್ಗ ತುಳಿದ ಹಾಗೆ ಒಂದಾದ ಮೇಲೊಂದು ಆಡುತ್ತಿದ್ದವು.

"ಇದು ಕೋಳಿ ಆತು," ಅಂದರು.

"ಇರ್ಲಿ ಕಾಕಾ. ಎಷ್ಟ ಗುಬ್ಬಿ ಇದ್ದೂವು?"

"ಹನ್ನೊಂದೋ ಹದಿಮೂರೋ."

"ತಿರಗಿದ್ದು ಎಷ್ಟನೇದು?"

ಬಹಳ ಹೊತ್ತು ಹಾಳೆ ನೋಡಿದರು. "ಅದನ್ನ ಆಕಿನ್ನ ಕೇಳಬೇಕ ನೋಡ. ದಿನಾ ಎಣಿಸಿ ಹಂಗಸ್ತಿದ್ಲು," ಅಂದು ಪೆನ್ಸಿಲ್ ಕೆಳಗಿಟ್ಟರು.

ಮಗಳಿಗೆ ಅಲ್ಲಿಂದಲೇ ಫೋನ್ ಹಚ್ಚಿದರು. ಕಿವಿ ಮಂದವಾದ್ದರಿಂದ ಸ್ಪೀಕರ್ ಹಾಕಿದ್ದರು. ಹಿಂದೆ ಕಬ್ಬಿನ ಟ್ರ್ಯಾಕ್ಟರಿನ ಹಾಡು ಕೇಳುತ್ತಿತ್ತು.

"ಸಿಕ್ಕೈತವ್ವಾ. ಅಂಚ ಸಿಕ್ಕೈತಿ."

"ಸೆರಗ?"

ಕಾಕಾ ಫೋನನ್ನು ನನ್ನ ಕಡೆ ಚಾಚಿದರು. ನಾನು ಹೇಳಿದೆ. ಸ್ಕ್ಯಾನರ್ ಸಣ್ಣದು, ಸಂಜೆಯಾಗಿತ್ತು, ನಿಮ್ಮವ್ವ ಸೀರೆ ಬಿಟ್ಟುಹೋಗಲು ಒಪ್ಪಲಿಲ್ಲ, ಸೆರಗು ಉಳಿದುಹೋಯಿತು.

"ಅಕ್ಕಾರ, ನಿಮ್ಮ ತಪ್ಪೇನೈತಿ ಬಿಡ್ರಿ," ಅಂದಳು. ಆಮೇಲೆ, "ಅಪ್ಪಾ, ಬರೇ ಅಂಚಿನ ಸೀರಿ ನನಗ ಬ್ಯಾಡ. ಉಂಡಿಯಿಲ್ಲೋ? ಉಣ್ಣು ಹೋಗ," ಅಂದು ಇಟ್ಟಳು.

ಫೋನ್ ಆರಿದ ಮೇಲೂ ಕಾಕಾ ಅದನ್ನು ನನ್ನ ಕಡೆ ಚಾಚಿಕೊಂಡೇ ಕೂತಿದ್ದರು. ಆಮೇಲೆ ಎದ್ದು, ಕೋಳಿಯಂಥ ಗುಬ್ಬಿಯ ಹಾಳೆಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು ಹೋದರು.

ಅವತ್ತು ನಾನು ತಂದೆ ಮಗಳಿಗೆ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಆದರೆ ಎಲ್ಲವನ್ನೂ ಹೇಳಲಿಲ್ಲ.

ಕಾಕು ಮತ್ತೆ ಬಂದಿದ್ದರು. ಆ ಮೊದಲ ಸಲ ಬಂದುಹೋಗಿ ಹದಿನೈದು ದಿನವಾಗಿರಬಹುದು, ನಾಗರಪಂಚಮಿಗೆ ಒಂದು ವಾರವಿತ್ತು. ಒಬ್ಬರೇ, ಬಸ್ಸಿನಲ್ಲಿ. ಸೀರೆಯನ್ನು ತಲೆದಿಂಬಿನ ಗವಸಿನಲ್ಲಿ ಹಾಕಿ ಎದೆಗೆ ಹಿಡಿದುಕೊಂಡಿದ್ದರು. ಪಂಚಮಿ ಎಂದರೆ ನಮಗೆ ಉಸಿರಾಡಲೂ ಬಿಡುವಿಲ್ಲದ ದಿನಗಳು. ಜಮಖಂಡಿಯ ಇಬ್ಬರು ವ್ಯಾಪಾರಿಗಳು ನನ್ನ ತಲೆಯ ಮೇಲೆ ಕೂತಿದ್ದರು. ಪರದೆಯಿಂದ ಕಣ್ಣು ತೆಗೆಯದೆಯೇ, "ಇವತ್ತ ಆಗೂದಿಲ್ಲ ಕಾಕು, ಪಂಚಮಿ ಮುಗೀಲಿ," ಅಂದೆ.

"ಈಗ ಬಿಸಲ ಬಿದ್ದೈತವ್ವಾ. ಮಾಳಗಿ ಮ್ಯಾಲೆ ನಾನೇ ಹಾಸ್ತೇನಿ. ನೀ ಬಂದು ಬರೇ ಫೋಟೋ ಹೊಡಿ."

"ಆಗೂದಿಲ್ಲಂದೆ ನೋಡ್ರಿ."

ಎರಡು ನಿಮಿಷದ ಕೆಲಸ. ಅವರು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಕೂತರು. ನಾನು ತಲೆ ಎತ್ತಿದಾಗ ಸ್ಟೂಲು ಖಾಲಿಯಿತ್ತು. ಹೋದರಲ್ಲ, ಸದ್ಯ, ಅನ್ನಿಸಿತು. ಖರೆ ಹೇಳುತ್ತೇನೆ, ಹಾಗೇ ಅನ್ನಿಸಿತು. ಪಂಚಮಿ ಮುಗಿಯಿತು, ದೀಪಾವಳಿ ಬಂತು. ಅವರು ಮತ್ತೆ ಬರಲಿಲ್ಲ. ನಾನೂ ಕರೆಯಲಿಲ್ಲ. ಬಂದಿದ್ದನ್ನು ಅವರು ಮನೆಯಲ್ಲಿಯೂ ಹೇಳಿರಲಿಲ್ಲ ಎಂದು ಕಾಕಾನ ಮುಖ ನೋಡಿದಾಗ ಗೊತ್ತಾಯಿತು. ನಾನು ಕಂಪ್ಯೂಟರಿನಲ್ಲಿ ಏನು ಹೊಡೆದರೂ ಆ ದಿನ ಮೇಲೆ ಬರುವುದಿಲ್ಲ. ಅದಕ್ಕೆ ನಾನು ಒಂದು ಪದವನ್ನೂ ಬರೆದಿಡಲಿಲ್ಲ.

ಬಾಡಗಂಡಿಯ ಆ ಮಗಳು ಈಚೆಗೆ ಈ ಪೇಜಿಗೆ ಸೇರಿದ್ದಾಳೆ. ನಾನು ಏನು ಹಾಕಿದರೂ ಕೆಳಗೆ ಕಾಮೆಂಟಿನಲ್ಲಿ ಎರಡು ಕೈ ಮುಗಿದು ಹೋಗುತ್ತಾಳೆ. ಆ ಕೈಗಳನ್ನು ನೋಡಿದಾಗಲೆಲ್ಲ ನಾನು ಪೇಜು ಮುಚ್ಚಿಬಿಡುತ್ತೇನೆ. ಇದನ್ನೂ ಅವಳು ಓದುತ್ತಾಳೆ. ಅಪ್ಪನಿಗೆ ಹೇಳುವುದು ಬಿಡುವುದು ಅವಳಿಗೆ ಬಿಟ್ಟದ್ದು.

ತಂಗಿ, ನಿಮ್ಮವ್ವ ಬಂದಿದ್ದಳು. ಸೀರೆ ತಂದಿದ್ದಳು. ನಾನೇ ವಾಪಸ್ ಕಳಿಸಿದೆ.