ಥಿನ್ನರ್ ವಾಸನೆಯ ಮೇಲೆ ಒಂದು ಹನಿ ಊದ್

೨೦೦೯ರ ಫೆಬ್ರುವರಿ ೮, ರವಿವಾರ, ಬೆಳಿಗ್ಗೆ ಆರೂವರೆ. ಸ್ನಾನ ಮುಗಿಸಿ ಎಡಗೈ ಮಣಿಕಟ್ಟಿಗೆ ಒಂದು ಹನಿ ಊದ್ ಅತ್ತರು ಹಚ್ಚಿಕೊಂಡೆ. ಹನ್ನೊಂದು ಗಂಟೆಗೆ ಹುಡುಗಿಯ ಕಡೆಯವರು ನಮ್ಮ ಮನೆ ನೋಡಲು ಗೋವಾದ ಮಂಗೋರ್ ಹಿಲ್‌ಗೆ ಬರುವವರಿದ್ದರು. ದೀಪಾವಳಿಗೆ ವಿಜಾಪುರಕ್ಕೆ ಹೋದಾಗ ನಾನು ಅವಳನ್ನು ನೋಡಿ ಒಪ್ಪಿದ್ದೆ. ಅವಳೂ ಒಪ್ಪಿದ್ದಾಳೆಂದು ಸುದ್ದಿ ಬಂದಿತ್ತು. ಉಳಿದದ್ದು ಅವಳ ಸೋದರಮಾವನ ಮಾತು. ತಂದೆಯಿಲ್ಲದ ಅವಳನ್ನು ಸಾಕಿದವರು ಅವರೇ. ಅವರಿಗಿದ್ದ ಅನುಮಾನ ಒಂದೇ: ಗೋವಾದಲ್ಲಿ ದುಡಿಯುವ ಹುಡುಗ ಕುಡಿಯದೆ ಇರುತ್ತಾನೆಯೇ?

ನಾನು ಕುಡಿಯುವುದಿಲ್ಲ. ಆದರೆ ನನ್ನ ಮೈ ವಾಸನೆ ಬೇರೆಯದನ್ನೇ ಹೇಳುತ್ತಿತ್ತು. ಮಡ್ಕಯಿಯ ಒಂದು ಕಾರ್ಖಾನೆಯಲ್ಲಿ ಕಬ್ಬಿಣದ ಡ್ರಮ್ಮುಗಳಿಗೆ ಸ್ಪ್ರೇ ಬಣ್ಣ ಹೊಡೆಯುವುದು ನನ್ನ ಕೆಲಸ. ಬಣ್ಣ ತೆಳು ಮಾಡಲು ಬೆರೆಸುವ ಥಿನ್ನರ್‌ನ ವಾಸನೆ ಎಷ್ಟು ಸೋಪು ತಿಕ್ಕಿದರೂ ಬಿಡುತ್ತಿರಲಿಲ್ಲ. ಗೊತ್ತಿಲ್ಲದವರ ಮೂಗಿಗೆ ಅದು ಸಾರಾಯಿಯೇ. ಸಂಜೆ ಫೆರಿ ದೋಣಿಯಲ್ಲಿ ಹೊಳೆ ದಾಟಿ ಬಸ್ಸು ಹತ್ತಿದರೆ ಪಕ್ಕದಲ್ಲಿದ್ದವರು ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದರು. ಅಂಥ ದಿನ ಡೈರಿಯಲ್ಲಿ ಒಂದು ಗೆರೆ ಎಳೆಯುತ್ತಿದ್ದೆ. ಜನವರಿಯ ಮೊದಲ ಎರಡು ವಾರಕ್ಕೇ ಒಂಬತ್ತು ಗೆರೆ.

ಊದ್ ಕೊಟ್ಟದ್ದು ದುಬೈನಿಂದ ರಜೆಗೆ ಬಂದಿದ್ದ ಪಕ್ಕದ ಮನೆಯ ಅಣ್ಣ. ಕಿರುಬೆರಳಿನಷ್ಟು ಬಾಟಲಿ. "ಅಗರು ಮರದ ಎಣ್ಣಿ ಇದು. ಒಂದ ಹನಿ ಸಾಕು ತಮ್ಮಾ. ನಿನಗ ವಾಸನಿ ಬರವಲ್ದು ಅಂತ ಮತ್ತ ಮತ್ತ ಹಚ್ಚಬ್ಯಾಡ," ಎಂದು ಎಚ್ಚರಿಸಿಯೇ ಕೊಟ್ಟಿದ್ದರು.

ಹಚ್ಚಿದ ಕೂಡಲೇ ಅದು ಸ್ವಲ್ಪ ಕಹಿ, ನಾಟಿ ಔಷಧಿಯ ಹಾಗೆ. ಆಮೇಲೆ ಬಡಗಿ ಹಳೆಯ ತೊಲೆಗೆ ಗರಗಸ ಹಾಕಿದಾಗ ಏಳುವ ವಾಸನೆ. ಕೊನೆಗೆ ಉಳಿಯುವುದು ಬೆಚ್ಚಗಿನದು ಏನೋ ಒಂದು, ಹತ್ತಿರ ಬಂದವರಿಗಷ್ಟೇ ಸಿಗುವಂಥದ್ದು. ಅದನ್ನು ಹಚ್ಚತೊಡಗಿದ ಮೇಲೆ ತಿಂಗಳ ಕೊನೆಯವರೆಗೆ ಬಿದ್ದದ್ದು ಎರಡೇ ಗೆರೆ.

ಆದರೆ ಆ ರವಿವಾರ ಏಳು ಗಂಟೆಗೆಲ್ಲ ನನ್ನ ಮೂಗಿಗೆ ಏನೂ ಸಿಗಲಿಲ್ಲ. ಹಾರಿಹೋಯಿತು ಅಂದುಕೊಂಡೆ. ಎಂಟಕ್ಕೆ ಮತ್ತೊಂದು ಹನಿ ಹಚ್ಚಿದೆ. ಒಂಬತ್ತೂವರೆಗೆ ಕುತ್ತಿಗೆಗೆ ಇನ್ನೊಂದು. ಬಾಗಿಲಲ್ಲಿ ಚಪ್ಪಲಿ ಸಪ್ಪಳ ಕೇಳಿದಾಗ ಮಗದೊಂದು.

ಬಂದವರು ಸೋದರಮಾವ ಮತ್ತು ಅವರ ಅಕ್ಕ, ಹುಡುಗಿಯ ತಾಯಿ. ಸೋದರಮಾವ ಮಂಚದ ಮೇಲೆ ನನ್ನ ಪಕ್ಕದಲ್ಲೇ ಕೂತರು. ಅವಲಕ್ಕಿ, ಚಹಾ ಆಯಿತು. ಅವರ ಮೂಗು ನನ್ನ ಕಡೆ ತಿರುಗಿತು.

"ತಮ್ಮಾ, ಅತ್ತರ ಭಾಳ ಜೋರ ಐತಲ್ಲೋ?"

"ಹೌದ್ರಿ."

"ನಮ್ಮೂರಾಗ ಮುಂಜಾನೆದ್ದು ಹಿಂಗ ಅತ್ತರ ಬಡಕೊಂಡು ಬರಾವ್ರು ಯಾರು ಗೊತ್ತೈತೇನು? ರಾತ್ರಿ ಕುಡದಾವ್ರು."

"ನಾ ಕುಡಿಯಂಗಿಲ್ರಿ."

"ಹಂಗಾರ ಏನ ಮುಚ್ಚಾಕ ಹಚ್ಚೀದಿ?"

ಅವ್ವ ಎದ್ದು ಹಿತ್ತಲ ಬಾಗಿಲ ಹಿಂದೆ ತೂಗುಹಾಕಿದ್ದ ನನ್ನ ಶನಿವಾರದ ಅಂಗಿಯನ್ನು ತಂದು ಅವರ ಕೈಗೇ ಕೊಟ್ಟಳು.

"ಇದನ್ನ ಮುಚ್ಚಾಕ್ರಿ ಅಣ್ಣಾರ. ನೀವ ಮೂಸಿ ನೋಡ್ರಿ."

ಅವರು ಮುಖಕ್ಕೆ ಹಿಡಿದು ಉಸಿರೆಳೆದರು. ಕೆಮ್ಮು ಹತ್ತಿತು, ಕಣ್ಣಲ್ಲಿ ನೀರು ಬಂತು. "ಯಪ್ಪಾ! ಇದು ಅಂಗಿ ಅಲ್ಲವ್ವಾ, ಪೇಂಟಿನ ಡಬ್ಬಿ!"

"ಸಾವಕಾಶ ಮೂಸೋ," ಅಕ್ಕ ನಕ್ಕರು. "ನಶೆ ಏರಿದರ ನಿನ್ನ ಎತ್ತಕೊಂಡು ಹೋಗಾವ್ರು ಯಾರು?"

ಅವರು ಬಿಡಲಿಲ್ಲ. ನನ್ನನ್ನು ಎದುರಿಗೆ ಕೂರಿಸಿ "ಹಾ ಅನ್ನು" ಎಂದರು. ಅಂದೆ. "ಚಾ ಬಿಟ್ರ ಏನಿಲ್ಲ," ಎಂದು ಅಕ್ಕನಿಗೆ ಹೇಳಿದರು. ಆಮೇಲೆ ದನಿ ಇಳಿಸಿ ನನ್ನನ್ನು ಕೇಳಿದರು: "ದಿನಾ ಇದರಾಗ ಇರತೀಯಲ್ಲ, ತಲಿ ನೋಯಂಗಿಲ್ಲೇನು?"

"ಒಮ್ಮೊಮ್ಮೆ ನೋಯತೈತ್ರಿ."

"ಮೂಗಿಗೆ ಅರಿವಿ ಕಟ್ಕೋ. ಖರೇ ಹೇಳಾಕತ್ತೇನಿ."

ಆ ಕೆಲಸಕ್ಕೆ ಸೇರಿದ ಮೇಲೆ ನನ್ನನ್ನು ಹಾಗೆ ಕೇಳಿದವರು ಅವರೇ ಮೊದಲಿಗರು. ಎದೆ ಹಗುರಾಯಿತು. ಆದರೂ ಒಪ್ಪಿಗೆಯ ಮಾತು ಬರಲಿಲ್ಲ. "ಊರಿಗೆ ಹೋಗಿ ಹೇಳತೇವ್ರಿ," ಎಂದು ಎದ್ದರು. ಹೊರಡುವಾಗ, "ನನಗೂ ಒಂದಿಷ್ಟ ಹಚ್ಚೋ, ನೋಡೂಣು," ಎಂದು ಕೈ ಚಾಚಿದರು. ಒಂದೇ ಹನಿ ಹಚ್ಚಿದೆ.

ಮರುದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ನನ್ನ ಮೊಬೈಲಿಗೆ ಅವರದೇ ಫೋನು. "ಲೇ ತಮ್ಮಾ, ನಿನ್ನ ಅತ್ತರಕ್ಕ ಬೆಂಕಿ ಹಚ್ಚ! ನಮ್ಮ ಮನ್ಯಾಕಿ ರಾತ್ರಿ ಬಾಗಲದಾಗ ನಿಂದ್ರಿಸಿ ಬಾಯಿ ಮೂಸಿದಳು. ಗೋವಾಕ್ಕ ಹೋಗಿ ಕುಡದ ಬಂದು ಅತ್ತರ ಹಚ್ಚಕೊಂಡೀರಿ ಅಂತಾಳ. ನಾನೂ 'ಹಾ' ಅನಬೇಕಾತು." ಹಿಂದೆ ಹೆಂಗಸರು ನಗುವುದು ಕೇಳಿಸುತ್ತಿತ್ತು. ಕಡೆಗೆ, "ನಿಮ್ಮಪ್ಪಗ ಹೇಳು, ತಾರೀಕು ನೋಡಲಿ," ಎಂದರು.

ಆ ಸಂಜೆ ಬಸ್ಸಿನಲ್ಲಿ ಪಕ್ಕದವರು ಎದ್ದರೋ ಕೂತರೋ ನಾನು ಗಮನಿಸಲಿಲ್ಲ. ಡೈರಿಯಲ್ಲಿ ಆ ದಿನ ಬರೆದದ್ದು ಒಂದೇ ಪದ: ಒಪ್ಪಿದರು.

ಒಂದು ಸಂಗತಿ ಮಾತ್ರ ನನಗೂ, ಈಗ ನನ್ನ ಹೆಂಡತಿಯಾಗಿರುವ ಆ ಹುಡುಗಿಗೂ ತಿಳಿದಿಲ್ಲ. ಹಚ್ಚಿಕೊಂಡವನಿಗೆ ಅರ್ಧ ಗಂಟೆಯಲ್ಲಿ ಇಲ್ಲವಾಗುವ ಈ ಊದ್, ಅಂಗಿ ಒಗೆದು ಒಣಗಿಸಿದ ಮೇಲೂ ತೋಳಿನ ಮಡಿಕೆಯಲ್ಲಿ ಮತ್ತೆ ಹೇಗೆ ಸಿಗುತ್ತದೆ? ಈ ಎಣ್ಣೆಯ ಗುಣ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ನಾಲ್ಕು ಸಾಲು ಬರೆದು ತಿಳಿಸಿ.